ಅರ್ಧಕ್ಕೆ ಬಿಟ್ಟ ಹನಿ

ಗಂಡಸರು ತಮ್ಮದೇ ರೂಪದ ಯಂತ್ರವನ್ನು ಮನೆಗೆ ಕಳಿಸಿ ತಾವು ಬೇರೆಡೆ ಇರುವುದು ಈಗ ಮಾಮೂಲು. ಯಂತ್ರದ ಚರ್ಮ ಹತ್ತಿರ ಬಂದರೆ ಸಾಕು, ನಾಗವೇಣಿಗೆ ಸೀನು. ಆ ಅಲರ್ಜಿ ಹೋಗಬೇಕಾದರೆ ಮೂರು ವರ್ಷ ನಾಲಿಗೆಯಡಿ ಹನಿ ಬಿಟ್ಟುಕೊಳ್ಳಬೇಕು.

“ಹೆಂಗಸರೆಲ್ಲ ಯಾಕಮ್ಮಾ ಅರ್ಧಕ್ಕೇ ಬಿಡ್ತೀರಿ?” ಎಂದು ಡಾಕ್ಟರು ಕೇಳಿದ್ದರು.

“ಕಹಿ, ಸಾರ್,” ಎಂದಿದ್ದಳು. ಹನಿ ಸಿಹಿಯಾಗಿಯೇ ಇತ್ತು.

ಇವತ್ತು ಗಂಡ ಸೀಸೆ ಹಿಡಿದು ಅಡುಗೆಮನೆಗೆ ಬಂದ. “ಔಷಧಿ ಹಾಗೇ ಇದೆಯಲ್ಲೇ! ಬಾಯಿ ತೆಗಿ, ನಾನೇ ಹಾಕ್ತೀನಿ.”

ಮದುವೆಯಾದಾಗಿನಿಂದ ತಲೆನೋವಿನ ಮಾತ್ರೆಯನ್ನೂ ತಂದುಕೊಡದ ಮನುಷ್ಯ!

ಅವನು ಹತ್ತಿರ ಬಂದದ್ದೇ ತಡ, ನಾಗವೇಣಿ ಸೀನಿದಳು.

“ಒಗ್ಗರಣೆ ಘಾಟು,” ಎಂದ.

ಒಲೆ ಇನ್ನೂ ಹಚ್ಚಿರಲಿಲ್ಲ. ಅವಳು ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದಳು: “ನಮ್ಮ ಯಜಮಾನ್ರು ಎಲ್ಲಿಗೆ ಹೋಗಿದಾರೆ, ಹೇಳೋ?”