ಕೊರ್ತಿ ದಂಡೆಯ ಹಿಮ

ಕೃಷ್ಣೆಯ ಹಿನ್ನೀರಿನ ಮೇಲೆ ಬಡಗಣ ಗಾಳಿ ಬೀಸತೊಡಗಿ ಮೂರು ದಿನವಾಗಿತ್ತು. ಗಾಳಿ ಕೊರೆಯುತ್ತಿದ್ದರೂ ನೀರು ಇನ್ನೂ ಬೆಚ್ಚಗಿತ್ತು. ಹೀಗಾದಾಗ ಕೊರ್ತಿ ದಂಡೆಗೆ ಹಿಮ ಬೀಳುತ್ತದೆಂದು ಊರಿನವರಿಗೆಲ್ಲ ಗೊತ್ತು. ಯಾವಾಗ, ಎಷ್ಟು ಎಂದು ಹೇಳುವುದು ಹಿಮ ಕಚೇರಿಯ ನೀಲಾಂಬಿಕಾಳ ಕೆಲಸ.

ಬೆಳಿಗ್ಗೆ ರುದ್ರಪ್ಪ ಫೋನ್ ಮಾಡಿದ. “ಅಕ್ಕಾರ, ನಾಳೆ ಮಧ್ಯಾಹ್ನ ಮಗಳ ಮದುವಿ ಐತ್ರಿ. ಬೀಗರು ಆಚೆ ದಂಡಿಯಿಂದ ಸೇತುವಿ ದಾಟಿ ಬರಬೇಕು. ಏನಂತೀರಿ?”

ಹೋದ ವರ್ಷ ಅವಳು ಭಾರೀ ಹಿಮವೆಂದು ಹೇಳಿ ಸಂತೆ ನಿಲ್ಲಿಸಿದ ದಿನ ಚೆನ್ನಾಗಿ ಬಿಸಿಲು ಬಿದ್ದಿತ್ತು. ಜನ ಇನ್ನೂ ನಗುತ್ತಿದ್ದರು. ಅವಳು ಕಿಟಕಿಯಿಂದ ನೋಡಿದಳು. ನೀರಿನಿಂದ ಹಬೆಯೆದ್ದು ಮೋಡಗಳು ಸಾಲುಗಟ್ಟುತ್ತಿದ್ದವು.

“ಇವತ್ತ ಸಂಜೀಕ ಕರೆಸಿಕೊಳ್ರಿ ಕಾಕಾ. ನಾಳೆ ಹತ್ತರ ಮ್ಯಾಲ ಸೊಂಟದ ಮಟ ಬೀಳತೈತಿ.”

“ಸುಳ್ಳಾದ್ರ?”

“ನನ್ನ ಬೈರಿ.”

ಸಂಜೆಯೊಳಗೆ ಬೀಗರ ಮೂರು ಬಸ್ಸುಗಳು ಬಂದವು. ಮರುದಿನ ಹತ್ತಾದರೂ ಆಕಾಶ ತಿಳಿಯಾಗಿತ್ತು. ನೀಲಾಂಬಿಕಾ ಚಹಾ ಬಿಟ್ಟು ಮತ್ತೆ ಮತ್ತೆ ಕಿಟಕಿಗೆ ಹೋದಳು. ಹತ್ತೂವರೆಗೆ ಮೊದಲ ಹಿಮ ಬಿತ್ತು. ಹನ್ನೆರಡಕ್ಕೆ ಸೇತುವೆಯೇ ಕಾಣದಾಯಿತು. ಆ ಹೊತ್ತಿಗೆ ಮದುವೆಮನೆಯಲ್ಲಿ ವಾಲಗ ಶುರುವಾಗಿತ್ತು.

ಎರಡು ದಿನ ಹಿಮ ನಿಲ್ಲಲಿಲ್ಲ. ಬೀಗರು ಅಲ್ಲೇ ಉಳಿದರು. ಮೂರನೆಯ ದಿನ ರುದ್ರಪ್ಪ ಮತ್ತೆ ಫೋನ್ ಮಾಡಿ ಕೇಳಿದ, “ಯಾವಾಗ ನಿಂದರತೈತ್ರಿ?”

“ನಾಳೆ ಮುಂಜಾನೆ, ಕಾಕಾ.”

ಅವನು ಅದನ್ನು ಕೂಗಿ ಹೇಳಿದ್ದೇ, ಹಿಂದೆ ಕೇಳುತ್ತಿದ್ದ ಹೆಂಗಸರ ಹಾಡು ನಿಂತಿತು. ವರನ ತಾಯಿ ಫೋನ್ ಕಸಿದುಕೊಂಡಳು. “ಇನ್ನೊಂದು ದಿನ ಬೀಳಲಿ ಅನ್ನವ್ವಾ. ಹಾಡಿನ ಪಂದ್ಯದಾಗ ಹೆಣ್ಣಿನ ಕಡೆಯವರನ್ನ ಇನ್ನೂ ಸೋಲಿಸಿಲ್ಲ ನಾವು.”

“ಅದು ನನ್ನ ಕೈಯಾಗಿಲ್ರಿ ಅತ್ತಿ. ಸಂಜೀತನಕ ಹಾಡ್ರಿ, ನಾನೂ ಬರತೀನಿ,” ಎಂದು ನಗುತ್ತ ನೀಲಾಂಬಿಕಾ ಹಿಮದ ಬೂಟು ಹಾಕಿಕೊಂಡು ಮದುವೆಮನೆಯತ್ತ ಹೊರಟಳು.