ಅರ್ಧ ಮಾತ್ರೆ

ಪರಶಿವಯ್ಯನ ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವು ಈಗ ಮಾರ್ಫಿನ್ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಅವನ ಹೆಂಡತಿ ಸರ್ವಮಂಗಳೆಗೆ ಸಮಾಧಾನವಾಗಿ ಹೇಳಿದರು: "ಎರಡು ತಿಂಗಳಿಂದ ನುಂಗಿ ನುಂಗಿ ಮೈಗೆ ಒಗ್ಗಿಹೋಗಿದೆ ಅಮ್ಮ. ಮಿದುಳಿನಲ್ಲಿ ಸಂದೇಶ ಹಿಡಿಯೋ ಸೆರೊಟೋನಿನ್ ರಿಸೆಪ್ಟರ್‌ಗಳದ್ದೂ ಇದರಲ್ಲಿ ಪಾತ್ರ ಇದೆ ಅಂತಾರೆ. ಇವತ್ತು ಡೋಸ್ ಜಾಸ್ತಿ ಮಾಡಿ ಇಂಜೆಕ್ಷನ್ ಕೊಡ್ತೀನಿ."

"ಅಷ್ಟು ಕೊಟ್ರೆ ಉಸಿರು ನಿಂತುಹೋಗಲ್ವಾ?"

"ಹೊಸಬರಿಗಾದ್ರೆ ನಿಲ್ಲಬಹುದು. ಇವರಿಗೆ ಅಭ್ಯಾಸ ಆಗಿದೆಯಲ್ಲ."

ಸೂಜಿ ತೋಳಿನ ಹತ್ತಿರ ಬಂದಾಗ ಸರ್ವಮಂಗಳೆ ಡಾಕ್ಟರ ಕೈ ಹಿಡಿದುಬಿಟ್ಟಳು.

"ಬೇಡಿ ಡಾಕ್ಟ್ರೇ! ಚಟವಾಗಿಬಿಡುತ್ತೆ ಅಂತ ಹೆದರಿ ನಾನು ಪ್ರತಿಸಲ ಅರ್ಧ ಮಾತ್ರೆನೇ ಕೊಡ್ತಿದ್ದೆ."

ಡಾಕ್ಟರು ಬೆಚ್ಚಿ ಹಿಂದೆ ಸರಿದರು.

"ನಂಗೊತ್ತಿತ್ತು," ಎಂದ ಪರಶಿವಯ್ಯ ಕಣ್ಣು ಮುಚ್ಚಿಕೊಂಡೇ. "ಇವಳು ಎತ್ತಿಟ್ಟಿದ್ದ ಅರ್ಧಾನೆಲ್ಲ ನಾನೇ ಕದ್ದು ನುಂಗಿದೀನಿ. ನೀವು ಹಾಕಿ ಡಾಕ್ಟ್ರೇ."

ಯಾರನ್ನು ನಂಬುವುದೆಂದು ತಿಳಿಯದೆ ಡಾಕ್ಟರು ಸೂಜಿ ಹಿಡಿದು ನಿಂತರು. ಸರ್ವಮಂಗಳೆ ಚೀಲದಿಂದ ಡಬ್ಬಿ ತೆಗೆದು ಹಾಸಿಗೆಯ ಮೇಲೆ ಸುರಿದಳು. ಅಷ್ಟೂ ಅರ್ಧ ಮಾತ್ರೆಗಳು ಹಾಗೇ ಇದ್ದವು.