ದುರ್ಬೀನು ತರಲು ಹೋದವಳು

"ಇನ್ನೊಂದೇ ಸಲ ನೋಡಿ ಮೇಡಂ, ದಮ್ಮಯ್ಯ. ಗೇಟಿನಲ್ಲಿ ಯಾರೋ ಕಣ್ತಪ್ಪಿ ಒಳಗೆ ಬಿಟ್ಟಿರಬೇಕು," ಎಂದು ವರ್ನನ್ ಕೌಂಟರಿನ ಮೇಲೆ ಎರಡೂ ಕೈ ಊರಿದ.

ಹಡಗಿನ ಭದ್ರತಾ ಅಧಿಕಾರಿ ಮಾರಿಸೆಲ್ ಮತ್ತೊಮ್ಮೆ ಪಟ್ಟಿ ನೋಡಿದಳು. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಲ್ಲಿ ಮೂವರು ಮಾತ್ರ ಇನ್ನೂ ದಡದಲ್ಲಿದ್ದರು. ಅವರಲ್ಲಿ ಒಬ್ಬಳು ವರ್ನನ್‌ನ ಹೆಂಡತಿ ರುಕ್ಸಾಂದ್ರಾ.

"ಎರಡು ಗಂಟೆಗೆ ಇಳಿದವರು ಹತ್ತಿಲ್ಲ ಸರ್. ಐದಕ್ಕೆ ಹೊರಡ್ತೀವಿ. ನಾಲ್ಕೂವರೆಗೆ ಏಣಿ ಎತ್ತಲೇಬೇಕು."

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಜೂನೋ ಬಂದರಿನಲ್ಲಿ ಬಾಡಿಗೆ ಕಾರು ಹಿಡಿದು ಇಬ್ಬರೂ ಹಿಮನದಿ ನೋಡಿದ್ದರು. ಸ್ಪ್ರೂಸ್ ಕಾಡಿನ ನಡುವೆ, ಕಡಲಂಚಿನ ರಸ್ತೆ ಮುಗಿಯುವವರೆಗೂ ಹೋಗಿದ್ದರು. ಓಡಿಸಿದವನು ವರ್ನನ್, ತೋರಿಸಿದವನೂ ವರ್ನನ್. ಅವನು ಬೆರಳು ಮಾಡಿದ ಕಡೆ ಅವಳು ನೋಡಿದ್ದಳು. ಕಾರು ಹಿಂದಿರುಗಿಸಿ ಹಡಗು ಹತ್ತಿದ ಮೇಲೆ ಗೊತ್ತಾಯಿತು, ಅವನ ದುರ್ಬೀನು ಹಿಂದಿನ ಸೀಟಿನಲ್ಲೇ ಉಳಿದಿದೆ ಎಂದು. "ನಿನ್ನ ಮರೆವಿಗೆ ಮದ್ದೇ ಇಲ್ಲ ನೋಡು," ಎಂದು ಗದರಿ ಅವಳನ್ನೇ ಕಳಿಸಿದ್ದ. ಅವನಿಗೆ ಮಂಡಿನೋವು. ಕಾರಿನ ಆಫೀಸು ಇದ್ದದ್ದು ಹತ್ತು ನಿಮಿಷದ ದಾರಿಯಲ್ಲಿ.

ಆ ಆಫೀಸಿಗೆ ಮಾರಿಸೆಲ್ ಆಗಲೇ ಫೋನ್ ಮಾಡಿದ್ದಳು. ಕೆಂಪು ಜಾಕೆಟಿನ ಹೆಂಗಸು ಬಂದಿದ್ದರು, ದುರ್ಬೀನು ತೆಗೆದುಕೊಂಡು ಎರಡೂಕಾಲಿಗೇ ಹೊರಟರು ಎಂದರು ಅಲ್ಲಿಯವರು. ಪೊಲೀಸರಿಗೂ ಕೇಳಿದ್ದಾಯಿತು. ಊರಲ್ಲಿ ಅಪಘಾತವಿಲ್ಲ, ಆಸ್ಪತ್ರೆಗೆ ಯಾರೂ ಬಂದಿಲ್ಲ. ಹತ್ತು ನಿಮಿಷದ ದಾರಿಯಲ್ಲಿ ಹೆಂಡತಿ ಮಾಯವಾಗಿದ್ದಳು.

"ಅವರ ಫೋನ್ ನಂಬರ್ ಕೊಡಿ ಸರ್."

"ಅವಳಿಗ್ಯಾಕೆ ಫೋನು? ನಾನಿದ್ದೀನಲ್ಲ."

"ಬೇಕಿದ್ರೆ ನೀವೂ ಇಳಿದು ಹುಡುಕಬಹುದು. ಇನ್ನೂ ಹೊತ್ತಿದೆ."

ವರ್ನನ್ ಬಾಗಿಲಿನ ತನಕ ಹೋದ. ಕಡಿದಾದ ಏಣಿ ನೋಡಿದ, ಮಂಡಿ ಸವರಿಕೊಂಡ, ಹಿಂದಿರುಗಿದ. "ಬರ್ತಾಳೆ. ಬರದೆ ಎಲ್ಲಿಗೆ ಹೋಗ್ತಾಳೆ? ಅವಳ ಕೈಲಿ ಇಪ್ಪತ್ತು ಡಾಲರೂ ಇಲ್ಲ. ಈ ದೇಶದಲ್ಲಿ ನನ್ನ ಬಿಟ್ರೆ ಅವಳಿಗೆ ಯಾರೂ ಇಲ್ಲ." ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡ. ಸುಳ್ಳು ದುಃಖವಲ್ಲ ಅದು. ಅವಳಿಲ್ಲದ ಮನೆಯನ್ನು ನೆನೆಯಲೂ ಅವನಿಗೆ ಆಗುತ್ತಿರಲಿಲ್ಲ.

ನಾಲ್ಕೂಕಾಲಿಗೆ ಮಾರಿಸೆಲ್ ಅವನ ಜೊತೆ ಕೋಣೆಗೆ ಬಂದಳು. ಗೋಡೆಯ ತಿಜೋರಿಗೆ ಎಲ್ಲ ಕೋಣೆಗೂ ಆಗುವ ತನ್ನ ಕೀಲಿ ಹಾಕಿದಳು.

"ಏನ್ಮಾಡ್ತಿದೀರಿ?"

"ಅವರ ಪಾಸ್‌ಪೋರ್ಟ್ ದಡದಲ್ಲಿರೋ ನಮ್ಮ ಕಂಪನಿ ಏಜೆಂಟ್‌ಗೆ ಕೊಡಬೇಕು ಸರ್. ಹಿಂದೆ ಉಳಿದವರಿಗೆ ಗುರುತಿನ ಕಾಗದ ಇಲ್ಲದಿದ್ರೆ ವಿಮಾನ ಹತ್ತಿಸೋದಿಲ್ಲ. ಯಾವ ಹಡಗಲ್ಲೂ ಇದೇ ಪದ್ಧತಿ. ಮೊದಲ ದಿನದ ಸಭೆಯಲ್ಲೇ ಹೇಳಿದ್ದೆ. ನಿಮ್ಮ ಹೆಂಡತಿ ಎರಡು ಸಲ ಕೇಳಿ ತಿಳ್ಕೊಂಡ್ರು."

"ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅದಕ್ಕೇ ಕೇಳಿರ್ತಾಳೆ." ವರ್ನನ್ ತಿಜೋರಿಗೆ ಅಡ್ಡ ನಿಂತ. "ಅದನ್ನ ತೆಗೀಬೇಡಿ. ಅದು ಕೆಳಗೆ ಹೋದ್ರೆ ಅವಳು ಬರೋದೇ ಇಲ್ಲ ಅಂತ ಒಪ್ಕೊಂಡ ಹಾಗೆ."

ಮಾರಿಸೆಲ್‌ಗೆ ಕನಿಕರವೆನಿಸಿತು. ಇಷ್ಟು ಹಚ್ಚಿಕೊಂಡ ಗಂಡಂದಿರನ್ನು ಅವಳು ಹೆಚ್ಚು ನೋಡಿರಲಿಲ್ಲ.

ಮೊಲ್ಡೋವಾದಿಂದ ಮದುವೆಯಾಗಿ ಅವನ ಊರಾದ ಡುಲೂತ್‌ಗೆ ಬಂದ ದಿನದಿಂದ, ಒಂಬತ್ತು ವರ್ಷ, ರುಕ್ಸಾಂದ್ರಾಳ ಕಾಗದಪತ್ರವನ್ನೆಲ್ಲ ವರ್ನನ್ನೇ ಜೋಪಾನ ಮಾಡಿದ್ದ. ಮನೆಯಲ್ಲಿ ಬೀರು, ಇಲ್ಲಿ ತಿಜೋರಿ. ಕೀಲಿಯೂ ನಂಬರೂ ಅವನ ಬಳಿ. ಮರೆವಿನವಳ ಕೈಗೆ ಇಂಥದ್ದನ್ನು ಕೊಡಲಾದೀತೇ? ಅವಳ ತಾಯಿಗೆ ಹುಷಾರಿಲ್ಲವೆಂದು ಎರಡು ಸಲ ಸುದ್ದಿ ಬಂದಾಗಲೂ ಅವನೇ ಸಮಾಧಾನ ಹೇಳಿದ್ದ, ಮುಂದಿನ ವರ್ಷ ಹೋಗೋಣವೆಂದು.

"ನಿಯಮ ಸರ್," ಎಂದು ಮಾರಿಸೆಲ್ ಪಾಸ್‌ಪೋರ್ಟನ್ನೂ ಅದರೊಳಗಿದ್ದ ಗ್ರೀನ್ ಕಾರ್ಡನ್ನೂ ಲಕೋಟೆಗೆ ಹಾಕಿ ಅಂಟಿಸಿದಳು.

ಮೇಲಿನ ಅಟ್ಟದಲ್ಲಿ, ತೆರೆದ ಡೆಕ್ಕಿನಲ್ಲಿ, ಆಗಲೇ ಜನ ಕಟಾಂಜನಕ್ಕೆ ಆತುಕೊಂಡು ನಿಂತಿದ್ದರು. ತಡವಾಗಿ ಓಡಿ ಬರುವವರನ್ನು ನೋಡುವುದು ಹಡಗಿನಲ್ಲಿ ಬಿಟ್ಟಿ ಮನರಂಜನೆ.

"ಇವತ್ತು ಯಾರ ಗ್ರಹಚಾರವೋ!" ಎಂದ ಗ್ಲಾಸು ಹಿಡಿದ ಒಬ್ಬ ಅಜ್ಜ.

"ನನ್ನ ಹೆಂಡತಿದು," ಎಂದ ಆಗಷ್ಟೇ ಅಲ್ಲಿಗೆ ಬಂದ ವರ್ನನ್. ಅಜ್ಜ ಗ್ಲಾಸು ಕೆಳಗಿಟ್ಟು ಅವನ ಬೆನ್ನ ಮೇಲೆ ಕೈಯಿಟ್ಟ.

ರಸ್ತೆಯಲ್ಲಿ ಯಾರೋ ಓಡಿಬಂದರು. ಜನ ಕೇಕೆ ಹಾಕಿದರು. ವರ್ನನ್ ಕಟಾಂಜನದ ಮೇಲೆ ಬಗ್ಗಿದ. ಒಬ್ಬ ಗಂಡು, ಒಬ್ಬ ಹೆಣ್ಣು, ಕೈಯಲ್ಲಿ ಸ್ಮೋಕ್ಡ್ ಸಾಲ್ಮನ್ ಮೀನಿನ ಪೊಟ್ಟಣಗಳು. ಏದುಸಿರು ಬಿಡುತ್ತ ಏಣಿ ಹತ್ತಿದರು. ಚಪ್ಪಾಳೆ ಬಿತ್ತು.

ಈಗ ಉಳಿದವಳು ಒಬ್ಬಳೇ.

ನಾಲ್ಕೂವರೆಗೆ ಲಕೋಟೆ ಏಜೆಂಟ್‌ನ ಕೈ ಸೇರಿತು. ಏಣಿ ಮೇಲೆ ಬಂತು, ಬಾಗಿಲು ಮುಚ್ಚಿತು. ಐದಕ್ಕೆ ಹಗ್ಗ ಬಿಚ್ಚಿದರು. ಹಡಗು ಮೂರು ಸಲ ಕೂಗಿತು. ದಡಕ್ಕೂ ಹಡಗಿಗೂ ನಡುವೆ ನೀರು ಅಗಲವಾಗತೊಡಗಿತು.

"ರಾಕ್ಸಿ!" ಎಂದು ವರ್ನನ್ ಕಿರುಚಿದ. ಅವಳ ಪೂರ್ತಿ ಹೆಸರಿಗೆ ಅವನ ನಾಲಿಗೆ ಎಂದೂ ಹೊರಳಿರಲಿಲ್ಲ. "ಯಾರಾದ್ರೂ ನಿಲ್ಲಿಸ್ರೋ! ಅವಳಿಗೆ ಏನೋ ಆಗಿದೆ!"

ಆಗ ಏಜೆಂಟ್‌ನ ಗೂಡಂಗಡಿಯಂಥ ಕಚೇರಿಯ ಮರೆಯಿಂದ ಕೆಂಪು ಜಾಕೆಟ್ ಎದ್ದು ಬಂತು. "ಓಡಮ್ಮಾ, ಓಡು!" ಎಂದು ಇಡೀ ಅಟ್ಟ ಒಕ್ಕೊರಲಿನಿಂದ ಕೂಗಿತು. ಅವಳು ಓಡಲಿಲ್ಲ. ನಿಧಾನಕ್ಕೆ ನಡೆದು ಹೋಗಿ ಏಜೆಂಟ್‌ನ ಮುಂದೆ ಕೈ ಚಾಚಿದಳು. ಲಕೋಟೆ ಒಡೆದು ಒಳಗಿನದನ್ನು ಎದೆಗೆ ಅವಚಿಕೊಂಡಳು. ಹಡಗಿನ ಕಡೆ ತಿರುಗಿಯೂ ನೋಡಲಿಲ್ಲ.

ಮಾರಿಸೆಲ್‌ಳ ವೈರ್‌ಲೆಸ್ ಗೊರಗುಟ್ಟಿತು. "ಈಯಮ್ಮ ಎರಡೂವರೆಯಿಂದ ನನ್ನ ಹಿಂಬಾಗಿಲ ಹತ್ರಾನೇ ಕೂತಿದ್ರು," ಎಂದ ಏಜೆಂಟ್. "ಯಾರಿಗಮ್ಮಾ ಕಾಯ್ತಿದೀರಿ ಅಂತ ಕೇಳ್ದೆ."

"ಏನಂದ್ರು?"

"ಈ ಹಡಗು ಹೊರಡ್ಲಿ ಅಂತ ಕಾಯ್ತಿದೀನಿ ಅಂದ್ರು."